ಹಸಿರು ಗರಿ ಹೋಗಿ ಕಂದು ಲೋಳೆ ಬಂದಾಗ: 210 ಲೀಟರ್ ಮರೈನ್ ಟ್ಯಾಂಕ್ ಒಂದರ ಪಾಚಿ ಪ್ರಕರಣ

ಕಡಲ ಮೀನು ಸಾಕುವ ಈ ಉಪ್ಪುನೀರಿನ ಟ್ಯಾಂಕ್ ಇರುವುದು ಬೆಂಗಳೂರಿನ ಒಂದು ಫ್ಲ್ಯಾಟ್‌ನಲ್ಲಿ. ಗಾಜಿನ ತೊಟ್ಟಿ 90×45×50 ಸೆಂ.ಮೀ., ಅದರಡಿ ಸ್ಟ್ಯಾಂಡಿನೊಳಗೆ ಫಿಲ್ಟರ್ ಸಂಪ್, ಅಂದರೆ ನೀರು ಇಳಿದು ಸೋಸಿಕೊಂಡು ಮೇಲೆ ಹೋಗುವ ಎರಡನೇ ತೊಟ್ಟಿ. ಕಲ್ಲು, ಮರಳು ಹಿಡಿದಿರುವ ಜಾಗ ಕಳೆದರೆ ಎರಡರಲ್ಲೂ ಸೇರಿ ನಿಜವಾಗಿ ಇರುವ ನೀರು 210 ಲೀಟರ್. ಮುಂದೆ ಬರುವ ಔಷಧ, ರಾಸಾಯನಿಕಗಳ ಲೆಕ್ಕವೆಲ್ಲ ಈ ಸಂಖ್ಯೆಯ ಮೇಲೆ ನಿಂತಿದೆ; ಅಂಗಡಿಯವರು ಹೇಳಿದ ‘ಇನ್ನೂರೈವತ್ತು ಲೀಟರ್ ಸೆಟಪ್’ ಮೇಲಲ್ಲ. ಒಳಗಿದ್ದದ್ದು ಎರಡು ಕ್ಲೌನ್ ಮೀನು, ಒಂದು ಲಾನ್‌ಮೋವರ್ ಬ್ಲೆನ್ನಿ, ಹನ್ನೆರಡು ಟರ್ಬೊ ಬಸವನಹುಳು, ಒಂದಿಷ್ಟು ಜೊಯಾಂಥಿಡ್ ಮತ್ತು ಮಶ್ರೂಮ್ (ಗಟ್ಟಿ ಅಸ್ಥಿಯಿಲ್ಲದ, ಹವಳದ ಬಳಗದ ಜೀವಿಗಳು). ಕಲ್ಲುಹವಳ ಇರಲಿಲ್ಲ. ನಮ್ಮಲ್ಲಿ ಕಲ್ಲುಹವಳಗಳನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ, ಹಾಗಾಗಿ ಇಲ್ಲದ್ದೇ ಒಳ್ಳೆಯದು. ಉಪ್ಪಿನಂಶ (ಸಾಪೇಕ್ಷ ಸಾಂದ್ರತೆಯ ಅಳತೆಯಲ್ಲಿ) 1.025, ತಾಪಮಾನ 26 ಡಿಗ್ರಿ, ಎರಡೂ ಸ್ಥಿರವಾಗಿದ್ದವು.

ಟ್ಯಾಂಕ್ ಶುರುವಾಗಿ ಐದನೇ ತಿಂಗಳಲ್ಲಿ ಮೇಲಿನ ಕಲ್ಲುಗಳ ಮೇಲೆ ಕಡು ಹಸಿರು ಕುಚ್ಚುಗಳು ಎದ್ದವು. ಮಾಲೀಕರು ಮೊದಲು ಮಾಡಿದ್ದು ಬಹುತೇಕ ಎಲ್ಲರೂ ಮಾಡುವ ಕೆಲಸ: ಟ್ಯಾಂಕಿನೊಳಗೇ ಹಳೆಯ ಹಲ್ಲುಜ್ಜುವ ಬ್ರಶ್ ಹಾಕಿ ಉಜ್ಜಿದರು. ಮೂರು ವಾರದಲ್ಲಿ ಎರಡು ಕಲ್ಲಿನ ಮೇಲಿದ್ದದ್ದು ಏಳು ಕಲ್ಲಿಗೆ ಹಬ್ಬಿತು, ಪಂಪಿನ ಬಾಯಿಗೂ ಹತ್ತಿತು. ಆಗ ನೀರಿನ ಪರೀಕ್ಷೆ ಮಾಡಿದರೆ ನೈಟ್ರೇಟ್ 2 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ), ಫಾಸ್ಫೇಟ್ 0.02 ಪಿಪಿಎಂ. ‘ನೀರು ಇಷ್ಟು ಚೆನ್ನಾಗಿದೆ, ಪಾಚಿ ಎಲ್ಲಿಂದ?’ ಎಂಬುದು ಅವರ ಪ್ರಶ್ನೆ. ಪಾಚಿ ತುಂಬಿದ ಟ್ಯಾಂಕಿನಲ್ಲಿ ಟೆಸ್ಟ್ ಕಿಟ್ ತೋರಿಸುವುದು ಪಾಚಿ ತಿಂದು ಮಿಕ್ಕಿದ್ದನ್ನು ಮಾತ್ರ. ದಿನಾ ಒಳಗೆ ಎಷ್ಟು ಬರುತ್ತಿದೆ ಎಂಬುದು ಆ ಓದಿನಿಂದ ಗೊತ್ತಾಗುವುದಿಲ್ಲ.

ಮೊದಲ ಗುರುತು: ಗರಿಯೋ, ಕೂದಲೋ

ಒಂದು ಕುಚ್ಚನ್ನು ಚಿಮಟದಿಂದ ಬುಡಸಮೇತ ಕಿತ್ತು, ಬಿಳಿ ತಟ್ಟೆಯಲ್ಲಿ ಟ್ಯಾಂಕಿನ ನೀರನ್ನೇ ಎರಡು ಬೆರಳು ಆಳಕ್ಕೆ ಹಾಕಿ, ಅದರಲ್ಲಿ ಬಿಡಿಸಿ ಹತ್ತು ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ ನೋಡಬೇಕು. ನೀರಿನಿಂದ ಎತ್ತಿ ಅಂಗೈಯಲ್ಲಿಟ್ಟು ನೋಡಿದರೆ ಎಲ್ಲ ಹಸಿರು ಪಾಚಿಯೂ ಒಂದೇ ಮುದ್ದೆ.

ತಟ್ಟೆಯಲ್ಲಿ ಕಂಡದ್ದು ಇದು: ನಡುವೆ ಒಂದು ದಂಟು, ಅದರ ಎರಡೂ ಬದಿಗೆ ಸಾಲಾಗಿ ಸಣ್ಣ ಎಳೆಗಳು, ತುದಿಗೆ ಹೋದಂತೆ ಗಿಡ್ಡವಾಗುತ್ತ ಥೇಟ್ ಹಕ್ಕಿಯ ಗರಿಯ ಆಕಾರ. ಇದು ಬ್ರಯಾಪ್ಸಿಸ್. ಸಾಮಾನ್ಯ ಕೂದಲು ಪಾಚಿಯಲ್ಲಿ, ಅಂದರೆ ಡರ್ಬೇಸಿಯಾ ಮತ್ತು ಅದರಂಥವುಗಳಲ್ಲಿ, ಈ ಗರಿ ಜೋಡಣೆ ಇರುವುದಿಲ್ಲ. ಎಳೆಗಳು ಉದ್ದಕ್ಕೆ, ಒಂದಕ್ಕೊಂದು ಸಂಬಂಧವಿಲ್ಲದಂತೆ ಬೆಳೆದಿರುತ್ತವೆ. ಕ್ಲಾಡೊಫೋರಾ ಆದರೆ ಮುಟ್ಟಿದಾಗ ಒರಟು, ಮತ್ತು ಸೂಕ್ಷ್ಮದರ್ಶಕದಲ್ಲಿ ಎಳೆಯ ಉದ್ದಕ್ಕೂ ಅಡ್ಡಗೋಡೆಗಳು ಕಾಣುತ್ತವೆ. ಬ್ರಯಾಪ್ಸಿಸ್, ಡರ್ಬೇಸಿಯಾ ಎರಡರ ಎಳೆಯಲ್ಲೂ ಆ ಗೋಡೆಗಳಿಲ್ಲ, ಒಂದೇ ಉದ್ದನೆಯ ಕೊಳವೆ. ಈ ವ್ಯತ್ಯಾಸ ಬರೀ ಪುಸ್ತಕದ್ದಲ್ಲ, ಮುಂದೆ ಕೊಡುವ ಔಷಧ ಯಾವುದರ ಮೇಲೆ ನಡೆಯುತ್ತದೆ ಎಂಬುದು ಇದರ ಮೇಲೇ ನಿಂತಿದೆ.

ಉಜ್ಜಿದ್ದರಿಂದ ಹಬ್ಬಿದ್ದಕ್ಕೂ ಕಾರಣ ಅಲ್ಲೇ ಇದೆ. ಬ್ರಯಾಪ್ಸಿಸ್‌ನ ತುಂಡು ಎಲ್ಲಿ ಕೂತರೂ ಬೇರೂರುತ್ತದೆ. ಅದಕ್ಕಿಂತ ವಿಚಿತ್ರವೆಂದರೆ, ಎಳೆ ಒಡೆದು ಹೊರಬಂದ ಜೀವರಸವೂ ಕಡಲನೀರಿನಲ್ಲಿ ಮತ್ತೆ ಪೊರೆ ಕಟ್ಟಿಕೊಂಡು ಹೊಸ ಜೀವಕೋಶವಾಗಬಲ್ಲದು. ಟ್ಯಾಂಕಿನೊಳಗೆ ಬ್ರಶ್ ಹಾಕುವುದೆಂದರೆ ಬಿತ್ತನೆ ಮಾಡಿದಂತೆಯೇ. ಉಜ್ಜಲೇಬೇಕಾದರೆ ಕಲ್ಲನ್ನು ಹೊರತೆಗೆದು ಬಕೆಟ್ಟಿನ ಉಪ್ಪುನೀರಿನಲ್ಲಿ ಉಜ್ಜಿ, ಆ ನೀರನ್ನು ಚೆಲ್ಲಿ, ಇನ್ನೊಂದು ಬಕೆಟ್ಟಿನಲ್ಲಿ ತೊಳೆದು ವಾಪಸ್ ಇಡಬೇಕು.

ಬಸವನಹುಳುಗಳು ಗಾಜಿನ ಮೇಲಿನ ಕೂದಲು ಪಾಚಿಯನ್ನು ತಿಂದು ಈ ಕುಚ್ಚುಗಳನ್ನು ಸುತ್ತು ಹಾಕಿಕೊಂಡು ಹೋಗುತ್ತಿದ್ದವು. ಅದೂ ಒಂದು ಗುರುತೇ. ಹಿಂದಿನ ಮೂಲೆಯಲ್ಲಿ ಎರಡು ಗುಳ್ಳೆ ಪಾಚಿ, ಅಂದರೆ ವಲೋನಿಯಾ ಇದ್ದವು. ಅವನ್ನು ಒಡೆಯದಂತೆ ಕಲ್ಲಿನ ಚೂರಿನ ಸಮೇತ ಕಿತ್ತು ತೆಗೆದದ್ದಾಯಿತು.

ಗೊಬ್ಬರ ಬರುತ್ತಿದ್ದ ದಾರಿ

ಆಹಾರ ಹೆಚ್ಚಾಯಿತೇ ಎಂದು ನೋಡಿದರೆ ಮೂರು ಸಣ್ಣ ಮೀನಿಗೆ ದಿನಕ್ಕೊಂದು ಚಿಟಿಕೆ, ಏನೂ ಹೆಚ್ಚಲ್ಲ. ಸಮಸ್ಯೆ ಇದ್ದದ್ದು ಅಡುಗೆಮನೆಯ ಆರ್‌ಒ ಯಂತ್ರದಲ್ಲಿ. ಕಟ್ಟಡಕ್ಕೆ ಬರುವುದು ಕೊಳವೆಬಾವಿ ನೀರು: ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) 720, ನೈಟ್ರೇಟ್ 45 ಪಿಪಿಎಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಹಾಕಿದ ಮಿತಿಯೂ ಅಷ್ಟೇ, ಆದ್ದರಿಂದ ಕುಡಿಯಲು ಅಡ್ಡಿಯಿಲ್ಲ. ಆದರೆ ಮನೆಬಳಕೆಯ ಆರ್‌ಒ ಯಂತ್ರಗಳಲ್ಲಿ ನೀರು ‘ಸಪ್ಪೆ’ ಆಗದಿರಲೆಂದು ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪು ಇರುತ್ತದೆ. ಅದು ಮೆಂಬ್ರೇನ್ (ಸೋಸುವ ಪೊರೆ) ದಾಟಿದ ನೀರಿಗೆ ದಾಟದ ನೀರನ್ನೂ ಸ್ವಲ್ಪ ಬೆರೆಸುತ್ತದೆ. ನಲ್ಲಿಯಲ್ಲಿ ಬರುತ್ತಿದ್ದ ನೀರಿನ ಟಿಡಿಎಸ್ 85, ನೈಟ್ರೇಟ್ 6 ಪಿಪಿಎಂ.

ಈ ಟ್ಯಾಂಕಿನಿಂದ ದಿನಕ್ಕೆ ನಾಲ್ಕೂವರೆ ಲೀಟರ್ ಆವಿಯಾಗುತ್ತದೆ. ಆವಿಯಾಗುವುದು ಶುದ್ಧ ನೀರು, ತುಂಬುವುದು ನೈಟ್ರೇಟ್ ಇರುವ ನೀರು. 4.5 ಲೀಟರಿಗೆ 6 ಪಿಪಿಎಂನಂತೆ ದಿನಕ್ಕೆ 27 ಮಿಲಿಗ್ರಾಂ. ವಾರಕ್ಕೊಮ್ಮೆ ಬದಲಾಯಿಸುವ 20 ಲೀಟರ್ ಉಪ್ಪುನೀರನ್ನು ಕಲಸುತ್ತಿದ್ದದ್ದೂ ಇದೇ ನೀರಿನಲ್ಲಿ, ಅದರಿಂದ ಮತ್ತೆ 120 ಮಿಲಿಗ್ರಾಂ. ಎರಡೂ ಸೇರಿಸಿ 210 ಲೀಟರಿಗೆ ಹಂಚಿದರೆ ತಿಂಗಳಿಗೆ 6 ಪಿಪಿಎಂಗಿಂತ ಸ್ವಲ್ಪ ಹೆಚ್ಚೇ. ಪಾಚಿ ತೆಗೆಯಲೆಂದು ನೀರು ಬದಲಾಯಿಸಿದಷ್ಟೂ ಪಾಚಿಗೆ ಊಟ ಬಡಿಸಿದಂತಾಗಿತ್ತು.

ಸರಿಪಡಿಸಿದ್ದು ಹೀಗೆ. ಮೆಂಬ್ರೇನ್‌ನಿಂದ ಹೊರಬರುವ ಕೊಳವೆಗೆ, ಟಿಡಿಎಸ್ ಕಂಟ್ರೋಲರ್ ಮತ್ತು ಮಿನರಲ್ ಕಾರ್ಟ್ರಿಜ್‌ಗಿಂತ ಮೊದಲೇ, ಒಂದು ಟೀ ಜೋಡಣೆ ಹಾಕಿ ಟ್ಯಾಂಕಿಗೆಂದೇ ಬೇರೆ ಕೊಳವೆ ಎಳೆಯಲಾಯಿತು. ಅಲ್ಲಿ ಟಿಡಿಎಸ್ 22. ಅದರ ಮುಂದೆ ಉಳಿದ ಲವಣಗಳನ್ನೂ ಹೀರುವ, ದಣಿದಂತೆ ಬಣ್ಣ ಬದಲಾಯಿಸುವ ಡಿಐ ರೆಸಿನ್ ಕಾರ್ಟ್ರಿಜ್ ಒಂದು. ಹೊರಬಂದದ್ದು ಸೊನ್ನೆ. ಕುಡಿಯುವ ನೀರಿನ ವ್ಯವಸ್ಥೆ ಹಾಗೇ ಉಳಿಯಿತು, ಮನೆಯವರ ತಕರಾರೂ ಬರಲಿಲ್ಲ. ರೆಸಿನ್ ದಣಿಯುವಾಗ ಮೊದಲು ನುಸುಳುವುದು ಸಿಲಿಕೇಟ್, ಅದನ್ನು ಟಿಡಿಎಸ್ ಮೀಟರ್ ಹಿಡಿಯುವುದಿಲ್ಲ. ಮೀಟರ್ ಸೊನ್ನೆ ತೋರಿಸುತ್ತಿದೆ ಎಂದು ಕೂರದೆ, ಬಣ್ಣ ಮುಕ್ಕಾಲು ಪಾಲು ಬದಲಾದ ಕೂಡಲೇ ರೆಸಿನ್ ಬದಲಾಯಿಸಬೇಕು.

ಫ್ಲುಕೊನಜೋಲ್

ಗೊಬ್ಬರದ ದಾರಿ ಮುಚ್ಚಿದರೂ ಬೆಳೆದು ನಿಂತ ಬ್ರಯಾಪ್ಸಿಸ್ ತಾನಾಗಿ ಹೋಗುವುದು ಅಪರೂಪ. ಮೆಗ್ನೀಷಿಯಂ ಅನ್ನು 1600 ಪಿಪಿಎಂ ಮೇಲಕ್ಕೆ ಏರಿಸುವ ಹಳೆಯ ದಾರಿಯೊಂದಿದೆ. ದುಬಾರಿ, ಬಸವನಹುಳುಗಳಿಗೂ ಆಗಿಬರುವುದಿಲ್ಲ. ಇಲ್ಲಿ ಆರಿಸಿದ್ದು ಫ್ಲುಕೊನಜೋಲ್. ಮನುಷ್ಯರಿಗೆ ಶಿಲೀಂಧ್ರ ಸೋಂಕಿಗೆ ಕೊಡುವ ಮಾತ್ರೆ ಇದು. ಬ್ರಯಾಪ್ಸಿಸ್ ಮೇಲೂ, ಬಹಳ ಸಲ ಡರ್ಬೇಸಿಯಾ ಮೇಲೂ ಕೆಲಸ ಮಾಡುತ್ತದೆ. ಕ್ಲಾಡೊಫೋರಾ ಮೇಲೆ ನೆಚ್ಚಿಕೊಳ್ಳುವಂತಿಲ್ಲ, ಸಯನೋ (ಲೋಳೆ ಕಟ್ಟುವ ಬ್ಯಾಕ್ಟೀರಿಯಾ), ಡಯಾಟಮ್ (ಸಿಲಿಕಾ ಚಿಪ್ಪಿನ ಏಕಕೋಶ ಪಾಚಿ) ಇವುಗಳಿಗೆ ಇದು ಮದ್ದೇ ಅಲ್ಲ. ಸಂಪ್‌ನಲ್ಲಿ ಕಾಲರ್ಪಾ ಬೆಳೆಸಿದ್ದರೆ ಅದೂ ಬ್ರಯಾಪ್ಸಿಸ್‌ನ ಬಳಗವೇ, ಮೊದಲೇ ತೆಗೆದಿಡಬೇಕು.

ಹವ್ಯಾಸಿಗಳಲ್ಲಿ ಚಾಲ್ತಿಯಲ್ಲಿರುವ ಪ್ರಮಾಣ ಲೀಟರಿಗೆ ಸುಮಾರು 5 ಮಿಲಿಗ್ರಾಂ. 210 ಲೀಟರಿಗೆ 1050 ಮಿಲಿಗ್ರಾಂ, ಅಂದರೆ 150 ಮಿ.ಗ್ರಾಂ.ನ ಏಳು ಮಾತ್ರೆ. ಇದು ವೈದ್ಯರ ಚೀಟಿಯ ಮೇಲೆ ಕೊಡುವ ಔಷಧ, ಹಾಗೇ ತರಬೇಕು. ಮಾತ್ರೆಗಳನ್ನು ನುಣ್ಣಗೆ ಪುಡಿ ಮಾಡಿ ಒಂದೂವರೆ ಲೀಟರ್ ಉಗುರುಬೆಚ್ಚಗಿನ ಆರ್‌ಒ ನೀರಿನಲ್ಲಿ ಕದಡಿ, ಅರ್ಧ ಗಂಟೆ ಬಿಟ್ಟು, ಮತ್ತೆ ಕಲಕಿ, ಸಂಪ್‌ನ ರಿಟರ್ನ್ ಪಂಪ್ ಹತ್ತಿರ ನಿಧಾನವಾಗಿ ಸುರಿಯಲಾಯಿತು. ಮಾತ್ರೆಯ ಅಂಟಿನಂಶದಿಂದ ನೀರು ಒಂದು ದಿನ ಮಬ್ಬಾಗುತ್ತದೆ, ಗಾಬರಿ ಬೇಡ. ಸುರಿಯುವ ಮೊದಲೇ ಕಾರ್ಬನ್ ಮತ್ತು ಫಾಸ್ಫೇಟ್ ಹೀರುವ ಜಿಎಫ್‌ಒ ಎರಡನ್ನೂ ತೆಗೆದು, ನೊರೆಯಲ್ಲಿ ಕೊಳೆ ಎತ್ತುವ ಸ್ಕಿಮ್ಮರ್‌ನ ಕಪ್ ಕಳಚಿ ಗಾಳಿಗಷ್ಟೇ ಓಡಲು ಬಿಡಲಾಗಿತ್ತು. ಹದಿನಾಲ್ಕು ದಿನ ನೀರು ಬದಲಾಯಿಸಲಿಲ್ಲ.

ಮೊದಲ ನಾಲ್ಕೈದು ದಿನ ಏನೂ ಕಾಣುವುದಿಲ್ಲ, ಇಲ್ಲೇ ಬಹಳ ಜನ ಎರಡನೇ ಸಲ ಸುರಿಯುತ್ತಾರೆ. ಸುರಿಯಬಾರದು. ಆರನೇ ದಿನದ ಹೊತ್ತಿಗೆ ಗರಿಗಳ ತುದಿ ಬೂದುಬಣ್ಣಕ್ಕೆ ತಿರುಗಿತು, ಹತ್ತನೇ ದಿನ ಕುಚ್ಚುಗಳು ಬಿಳಿಚಿಕೊಂಡು ಕೈಯಾಡಿಸಿದರೆ ಕಳಚಿ ಬರುವಂತಾದವು. ಸತ್ತದ್ದು ಅಲ್ಲೇ ಕೊಳೆತರೆ ಹಿಡಿದಿಟ್ಟ ಫಾಸ್ಫೇಟನ್ನೆಲ್ಲ ಬಿಡುತ್ತದೆ, ಆಮ್ಲಜನಕವೂ ಇಳಿಯುತ್ತದೆ. ಆದ್ದರಿಂದ ಸಣ್ಣ ಪೈಪಿನಲ್ಲಿ ಸೈಫನ್ ಮಾಡಿ, ಫಿಲ್ಟರ್ ಚೀಲದಲ್ಲಿ ಸೋಸಿ, ನೀರನ್ನು ವಾಪಸ್ ಬಿಡುತ್ತ ಬಂದರು. ಹದಿನೈದನೇ ದಿನ 25 ಶೇಕಡಾ ನೀರು ಬದಲು, ಹೊಸ ಕಾರ್ಬನ್.

ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಪಾಚಿ ಮತ್ತೆ ಬಾರದಿರಲಿ ಎಂದು ಮಾಲೀಕರು ಪೊಟ್ಟಣದ ಮೇಲೆ ಬರೆದದ್ದರ ದುಪ್ಪಟ್ಟು ಜಿಎಫ್‌ಒ ಹಾಕಿ ರಿಯಾಕ್ಟರ್ ಓಡಿಸಿದರು. ಒಳಬರುವ ನೀರು ಈಗ ಸೊನ್ನೆ, ಹಸಿರು ಪಾಚಿ ಇಲ್ಲ, ಮೀನು ಮೂರೇ. ಮೂರನೇ ವಾರಕ್ಕೆ ನೈಟ್ರೇಟ್ ಸೊನ್ನೆ, ಫಾಸ್ಫೇಟೂ ಸೊನ್ನೆ.

ಕಂದು ಲೋಳೆ

ಮೊದಲು ಮರಳಿನ ಮೇಲೆ ತೆಳು ಕಂದು ಹೊದಿಕೆ. ಆಮೇಲೆ ಕಲ್ಲಿನ ತುದಿಗಳಿಂದ ಮೂಗಿನ ಸಿಂಬಳದಂಥ ಎಳೆಗಳು, ಪ್ರತಿ ಎಳೆಯ ತುದಿಗೆ ಒಂದು ಗಾಳಿಗುಳ್ಳೆ. ಬೆಳಿಗ್ಗೆ ದೀಪ ಹತ್ತುವಾಗ ಟ್ಯಾಂಕ್ ಬಹುಪಾಲು ಸ್ವಚ್ಛ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ. ಹೊಸ ಟ್ಯಾಂಕಿನಲ್ಲಿ ಬರುವ ಡಯಾಟಮ್ ಇರಬೇಕು ಎಂದುಕೊಂಡು ಮಾಲೀಕರು ವಾರಕ್ಕೆರಡು ಸಲ ನೀರು ಬದಲಾಯಿಸಿದರು. ಬದಲಾಯಿಸಿದ ಮರುದಿನವೇ ಲೋಳೆ ಇನ್ನೂ ದಪ್ಪವಾಗುತ್ತಿತ್ತು. ನಂತರ ಟರ್ಬೊಗಳು ಒಂದೊಂದಾಗಿ ಗಾಜಿನಿಂದ ಜಾರಿ ಬಿದ್ದು, ಮಗುಚಿಕೊಂಡು, ಏಳದೆ ಸತ್ತವು. ಹನ್ನೆರಡರಲ್ಲಿ ಉಳಿದದ್ದು ನಾಲ್ಕು.

ಕಂದು ಲೋಳೆಗೆ ಮೂರು ಮುಖ್ಯ ಆರೋಪಿಗಳು: ಡಯಾಟಮ್, ಸಯನೋಬ್ಯಾಕ್ಟೀರಿಯಾ, ಡೈನೋಫ್ಲಾಜೆಲೇಟ್ (ಚುಟುಕಾಗಿ ಡೈನೋ, ಚಲಿಸಬಲ್ಲ ಏಕಕೋಶ ಜೀವಿ). ಸಯನೋ ಹಾಳೆಯಂತೆ ಒಟ್ಟಿಗೆ ಎದ್ದು ಬರುತ್ತದೆ, ಬಣ್ಣ ಹೆಚ್ಚಾಗಿ ಕೆಂಪು ನೇರಳೆ. ಡಯಾಟಮ್ ಪುಡಿ ಧೂಳಿನಂತೆ, ಬೆರಳಿಂದ ಒರೆಸಿದರೆ ಹೋಗುತ್ತದೆ, ಎಳೆ ಕಟ್ಟುವುದು ಕಡಿಮೆ. ಡೈನೋ ಅನುಮಾನ ಬಂದರೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಪಾರದರ್ಶಕ ಬಾಟಲಿಯಲ್ಲಿ ಲೋಳೆ ಮತ್ತು ಟ್ಯಾಂಕಿನ ನೀರು ತುಂಬಿ, ಎಳೆಗಳೆಲ್ಲ ಮುರಿಯುವವರೆಗೆ ಒಂದು ನಿಮಿಷ ಜೋರಾಗಿ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಬೇಕು. (ನಮ್ಮ ಸ್ಟೀಲ್ ಫಿಲ್ಟರ್ ಅಲ್ಲ, ಕಾಗದದ್ದು.) ಸೋಸಿ ಬಂದ ತಿಳಿನೀರನ್ನು ಒಂದು ಗಂಟೆ ಬೆಳಕಿನಲ್ಲಿಟ್ಟರೆ, ಡೈನೋ ಆಗಿದ್ದಲ್ಲಿ ಅದು ಮತ್ತೆ ಒಂದುಗೂಡಿ ಎಳೆ ಕಟ್ಟುತ್ತದೆ. ಈ ಬಾಟಲಿಯಲ್ಲಿ ನಲವತ್ತು ನಿಮಿಷಕ್ಕೇ ಎಳೆ ಕಟ್ಟಿತು.

ಆದರೆ ಡೈನೋ ಎಂದಷ್ಟೇ ತಿಳಿದರೆ ಅರ್ಧ ಕೆಲಸ. ಯಾವ ಡೈನೋ ಎಂಬುದಕ್ಕೆ ಸೂಕ್ಷ್ಮದರ್ಶಕ ಬೇಕೇ ಬೇಕು, ಶಾಲಾ ಮಕ್ಕಳದ್ದಾದರೂ ಸಾಕು, 400 ಪಟ್ಟು ಹಿಗ್ಗಿಸಬೇಕು. ಒಂದು ಹನಿ ಸ್ಲೈಡಿನ ಮೇಲೆ ಹಾಕಿದಾಗ ಕಂಡದ್ದು: ಕಂದು ಬಣ್ಣದ, ಒಂದು ತುದಿ ಚೂಪಾದ, ಸೌತೆಬೀಜದ ಆಕಾರದ ಕೋಶಗಳು, ಚೂಪು ತುದಿಯನ್ನು ಗೂಟಕ್ಕೆ ಕಟ್ಟಿದಂತೆ ಇದ್ದಲ್ಲೇ ಗಿರಗಿರ ಸುತ್ತುತ್ತಿದ್ದವು. ಈ ತಿರುಗುವಿಕೆಯೇ ಗುರುತು: ಆಸ್ಟ್ರಿಯಾಪ್ಸಿಸ್. ಆಂಫಿಡಿನಿಯಂ ಆದರೆ ಸುತ್ತುವುದಿಲ್ಲ, ನುಣ್ಣಗೆ ಜಾರಿಕೊಂಡು ಹೋಗುತ್ತದೆ. ಕೂಲಿಯಾ ಹೆಚ್ಚುಕಡಿಮೆ ಗುಂಡಗೆ. ಡಯಾಟಮ್‌ಗಳು ಗಾಜಿನ ದೋಣಿಯಾಕಾರ, ಗಿರಗಿರ ಸುತ್ತುವುದಿಲ್ಲ.

ಆಸ್ಟ್ರಿಯಾಪ್ಸಿಸ್ ಹಗುರವಾಗಿ ನೋಡುವಂಥದ್ದಲ್ಲ. ಪಾಲಿಟಾಕ್ಸಿನ್ ಬಳಗದ ವಿಷ ತಯಾರಿಸುತ್ತದೆ, ಬಸವನಹುಳುಗಳು ಸತ್ತದ್ದು ಅದನ್ನು ಮೇಯ್ದು. 2005ರ ಬೇಸಿಗೆಯಲ್ಲಿ ಇಟಲಿಯ ಜಿನೋವಾ ಕಡಲತೀರದಲ್ಲಿ ಇದು ಉಕ್ಕಿದಾಗ, ಗಾಳಿಯಲ್ಲಿ ಬಂದ ತುಂತುರಿನಿಂದಲೇ ಸುಮಾರು ಇನ್ನೂರು ಜನ ಜ್ವರ, ಕೆಮ್ಮು, ಉಸಿರಾಟದ ತೊಂದರೆಯೆಂದು ಚಿಕಿತ್ಸೆಗೆ ಹೋಗಿದ್ದರು. ಹಾಗಾಗಿ ಕೈಗವಸು ಹಾಕಿಯೇ ಕೆಲಸ, ಬಾಯಲ್ಲಿ ಎಳೆದು ಸೈಫನ್ ಶುರು ಮಾಡುವ ಅಭ್ಯಾಸ ಬೇಡವೇ ಬೇಡ. ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿ ಶುದ್ಧ ಮಾಡುವ ಯೋಚನೆ ಇನ್ನೂ ಅಪಾಯ. ಕೆಲವು ಜೊಯಾಂಥಿಡ್‌ಗಳಲ್ಲೂ ಇದೇ ವಿಷ ಇರುತ್ತದೆ, ಹಬೆಯಲ್ಲಿ ಅದು ನೇರ ಶ್ವಾಸಕೋಶಕ್ಕೆ.

ಉಪವಾಸ ಬಿಡಿಸುವುದು

ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದಾಗ ಬ್ಯಾಕ್ಟೀರಿಯಾ ಮತ್ತು ಇತರ ಪಾಚಿಗಳು ಹಿಂದೆ ಸರಿಯುತ್ತವೆ. ಡೈನೋಗಳು ಬೆಳಕಿನಿಂದಲೂ ಬದುಕುತ್ತವೆ, ಬ್ಯಾಕ್ಟೀರಿಯಾ ನುಂಗಿಯೂ ಬದುಕುತ್ತವೆ, ಖಾಲಿಯಾದ ಜಾಗ ಅವುಗಳದ್ದೇ ಆಗುತ್ತದೆ. ಬ್ರಯಾಪ್ಸಿಸ್ ಕಾಲದಲ್ಲಿ ಸರಿಯಾಗಿದ್ದ ‘ಪೋಷಕ ಕಡಿಮೆ ಮಾಡು’ ಎಂಬ ಮಾತು ಇಲ್ಲಿ ತಿರುಗಾಮುರುಗಾ. ಜಿಎಫ್‌ಒ ಪೂರ್ತಿ ತೆಗೆದು, ನೀರು ಬದಲಾಯಿಸುವುದನ್ನು ನಿಲ್ಲಿಸಿ, ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1 ಪಿಪಿಎಂ ಮಟ್ಟಕ್ಕೆ ಏರಿಸುವುದು ಗುರಿಯಾಯಿತು.

ಪ್ರಯೋಗಾಲಯ ದರ್ಜೆಯ ಸೋಡಿಯಂ ನೈಟ್ರೇಟ್ 14.4 ಗ್ರಾಂ ಅನ್ನು 500 ಮಿ.ಲೀ. ಡಿಐ ನೀರಿನಲ್ಲಿ ಕರಗಿಸಿದರೆ, ಈ ಟ್ಯಾಂಕಿನಲ್ಲಿ ಅದರ 20 ಮಿ.ಲೀ.ಗೆ 2 ಪಿಪಿಎಂ ನೈಟ್ರೇಟ್ ಏರುತ್ತದೆ. ದಿನಕ್ಕೆ ಅಷ್ಟೇ, ಅದಕ್ಕಿಂತ ಬೇಗ ಬೇಡ. ಟ್ರೈಸೋಡಿಯಂ ಫಾಸ್ಫೇಟ್, ಹನ್ನೆರಡು ನೀರಿನ ಕಣವಿರುವ ಹರಳು, 2.1 ಗ್ರಾಂ ಅನ್ನು ಇನ್ನೊಂದು 500 ಮಿ.ಲೀ. ಬಾಟಲಿಯಲ್ಲಿ, ಅದರ 10 ಮಿ.ಲೀ. ಅಂದರೆ 0.05 ಪಿಪಿಎಂ. ಹೊಲ, ತೋಟದ ಗೊಬ್ಬರ ಬಳಸುವಂತಿಲ್ಲ. ಅದರಲ್ಲಿ ಅಮೋನಿಯಂ, ತಾಮ್ರ ಏನಿರುತ್ತದೋ ಎನ್ನುವ ಭಯ.

ಇಲ್ಲಿ ತಪ್ಪುವುದು ಫಾಸ್ಫೇಟ್ ವಿಷಯದಲ್ಲಿ. ಹಾಕಿದ ಮರುದಿನ ಅಳೆದರೆ ಮತ್ತೆ ಸೊನ್ನೆ, ಏಕೆಂದರೆ ಸುಣ್ಣದ ಕಲ್ಲು ಮತ್ತು ಮರಳು ಅದನ್ನು ಹೀರಿಕೊಳ್ಳುತ್ತವೆ. ಒಂಬತ್ತು ದಿನ ದಿನಾ ಹಾಕಿದ ಮೇಲೆ ಓದು ನಿಲ್ಲತೊಡಗಿತು. ಅಳತೆಗೆ ಹಾನ್ನಾ ಕಂಪನಿಯ ಫಾಸ್ಫರಸ್ ಚೆಕರ್ ಬಳಸುವವರು ಗಮನಿಸಬೇಕು: ಅದು ತೋರಿಸುವುದು ಪಿಪಿಬಿಯಲ್ಲಿ (ಪಿಪಿಎಂನ ಸಾವಿರದಲ್ಲೊಂದು ಪಾಲು) ಫಾಸ್ಫರಸ್; 3.066ರಿಂದ ಗುಣಿಸಿ 1000ರಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ. ಅದರಲ್ಲಿ 5 ಪಿಪಿಬಿ ಆಚೀಚೆ ತಪ್ಪುವ ಕಾರಣ 0, 2, 4 ಎಲ್ಲ ಒಂದೇ. ಗುರಿ 16ರಿಂದ 33ರ ನಡುವೆ.

ಅದರ ಜೊತೆಗೇ ಯುವಿ, ಅಂದರೆ ಹಾದುಹೋಗುವ ನೀರಿನಲ್ಲಿರುವ ಕೋಶಗಳನ್ನು ಕೊಲ್ಲುವ ನೇರಳಾತೀತ ದೀಪ. ಆಸ್ಟ್ರಿಯಾಪ್ಸಿಸ್ ರಾತ್ರಿ ಕಲ್ಲು ಬಿಟ್ಟು ನೀರಿನಲ್ಲಿ ತೇಲುತ್ತದೆ, ಬೆಳಿಗ್ಗೆ ಟ್ಯಾಂಕ್ ಸ್ವಚ್ಛವಾಗಿ ಕಾಣುತ್ತಿದ್ದದ್ದು ಅದಕ್ಕೇ. 18 ವಾಟ್ ಯುವಿ, ಗಂಟೆಗೆ 400 ಲೀಟರ್ ಹರಿವು. ನೀರು ಎಳೆಯುವುದೂ ಬಿಡುವುದೂ ಮೇಲಿನ ತೊಟ್ಟಿಯಿಂದಲೇ; ಸಂಪ್‌ನಲ್ಲಿ ಕೂರಿಸಿದರೆ ತೇಲುವ ಕೋಶಗಳಲ್ಲಿ ಹೆಚ್ಚಿನವು ಅಲ್ಲಿಗೆ ಬರುವುದೇ ಇಲ್ಲ. ಯುವಿ ಹಚ್ಚಿ ಮೂರು ದಿನ ಟ್ಯಾಂಕಿನ ದೀಪ ಪೂರ್ತಿ ಬಂದ್, ಸುತ್ತ ಕಪ್ಪು ಬಟ್ಟೆ. ಕತ್ತಲಲ್ಲಿ ದ್ಯುತಿಸಂಶ್ಲೇಷಣೆ ನಿಂತು ಆಮ್ಲಜನಕ, ಪಿಎಚ್ ಎರಡೂ ಇಳಿಯುವುದರಿಂದ ನೀರು ಕಲಕುವ ಪಂಪ್ ಪವರ್‌ಹೆಡ್‌ನ ಬಾಯಿಯನ್ನು ನೀರಿನ ಮೇಲ್ಮೈ ಕಡೆಗೆ ತಿರುಗಿಸಲಾಯಿತು. ಸತ್ತ ಕೋಶಗಳ ವಿಷಕ್ಕೆ 100 ಗ್ರಾಂ ಕಾರ್ಬನ್ ಚೀಲದಲ್ಲಿ, ವಾರಕ್ಕೊಮ್ಮೆ ಬದಲು. ಲೋಳೆಯನ್ನು ಮಧ್ಯಾಹ್ನ, ದಪ್ಪವಾಗಿರುವ ಹೊತ್ತಿಗೆ, 5 ಮೈಕ್ರಾನ್ ಚೀಲಕ್ಕೆ ಸೈಫನ್ ಮಾಡಿ ನೀರನ್ನು ವಾಪಸ್ ಬಿಡುವುದು.

ಐದನೇ ದಿನ ಕಲ್ಲಿನ ಮೇಲೆ ಒಂದೂ ಎಳೆ ಇರಲಿಲ್ಲ. ಎರಡನೇ ವಾರದಲ್ಲಿ ಗಾಜಿನ ಮೇಲೆ ತೆಳು ಹಸಿರು ಪೊರೆ ಬಂತು. ಮಾಲೀಕರಿಗೆ ಅದು ಕೆಟ್ಟ ಸುದ್ದಿಯಾಗಿ ಕಂಡಿತು, ನಿಜದಲ್ಲಿ ಅದೇ ಕಾಯುತ್ತಿದ್ದ ಲಕ್ಷಣ.

ಆದರೆ ಮುಂಭಾಗದ ಮರಳಿನ ಒಂದು ಅಂಗೈಯಗಲ ಕಂದು ಮಚ್ಚೆ ಮಾತ್ರ ಹೋಗಲಿಲ್ಲ. ಮತ್ತೆ ಸ್ಲೈಡ್ ಮಾಡಿ ನೋಡಿದರೆ ಈ ಸಲ ಸುತ್ತುವವು ಇಲ್ಲ, ಜಾರುವವು ಮಾತ್ರ: ಆಂಫಿಡಿನಿಯಂ. ಇದು ರಾತ್ರಿ ಮರಳೊಳಗೆ ಇಳಿಯುತ್ತದೆಯೇ ಹೊರತು ನೀರಿಗೆ ಬರುವುದಿಲ್ಲ, ಆದ್ದರಿಂದ ಯುವಿ ಎಷ್ಟು ವಾಟಿನದಾದರೂ ವ್ಯರ್ಥ. ಮರಳಿಗೆ ಕಡಲ ಸೌತೆ ಬಿಡಿ ಎಂಬ ಸಲಹೆಯೂ ಬಂತು. ಕಡಲ ಸೌತೆಗಳೆಲ್ಲ ಇಲ್ಲಿ ಮೊದಲ ಅನುಸೂಚಿಯ ಪ್ರಾಣಿಗಳು, ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಪರಾಧ. ಉಳಿದ ದಾರಿ, ಅದೇ ಮರಳಿನ ಮೇಲೆ ಡಯಾಟಮ್‌ಗಳನ್ನು ಬೆಳೆಸಿ ಜಾಗ ಬಿಡಿಸುವುದು. ಅದಕ್ಕೆ ಸಿಲಿಕೇಟ್ ಬೇಕು. ಶೇ. 28ರಷ್ಟು ಸಿಲಿಕಾ ಇರುವ ಸೋಡಿಯಂ ಸಿಲಿಕೇಟ್ ದ್ರಾವಣದ ಅರ್ಧ ಮಿ.ಲೀ.ಯನ್ನು ಒಂದು ಲೀಟರ್ ಡಿಐ ನೀರಿಗೆ ಬೆರೆಸಿ ನಿಧಾನವಾಗಿ ಹನಿಸಿದರೆ ಈ ಟ್ಯಾಂಕಿನಲ್ಲಿ ಸಿಲಿಕಾ ಸುಮಾರು 1 ಪಿಪಿಎಂ ಏರುತ್ತದೆ. ಗಟ್ಟಿ ದ್ರಾವಣವನ್ನೇ ನೇರ ಸುರಿದರೆ ಬಿದ್ದಲ್ಲಿ ಪಿಎಚ್ ಜಿಗಿದು ಬಿಳಿ ಗಸಿ ಕಟ್ಟುತ್ತದೆ. ಸಿಲಿಕೇಟ್ ಟೆಸ್ಟ್ ಕಿಟ್ ನೋಡಿಕೊಂಡು, ಅದು ಅರ್ಧಕ್ಕಿಂತ ಕೆಳಗಿಳಿದಾಗಲೆಲ್ಲ ಮತ್ತೆ 1ಕ್ಕೆ ಏರಿಸುವುದು.

ಹತ್ತು ದಿನದಲ್ಲಿ ಇಡೀ ಮರಳು ಧೂಳು ಕಂದಾಯಿತು. ಕಣ್ಣಿಗೆ ಮೊದಲಿಗಿಂತ ಕೆಟ್ಟದಾಗಿ ಕಾಣುವ ಈ ಹಂತದಲ್ಲೇ ಹೆಚ್ಚಿನವರು ಕೈಬಿಡುತ್ತಾರೆ. ಸ್ಲೈಡಿನಲ್ಲಿ ನೋಡಿದರೆ ದೋಣಿಗಳು ಹೆಚ್ಚುತ್ತ, ಜಾರುವವು ಕಡಿಮೆಯಾಗುತ್ತ ಬಂದಿದ್ದವು. ಐದನೇ ವಾರದ ಮಾದರಿಯಲ್ಲಿ ಹುಡುಕಿದರೂ ಒಂದೆರಡು. ಆಗ ಸಿಲಿಕೇಟ್ ನಿಲ್ಲಿಸಲಾಯಿತು, ಡಯಾಟಮ್ ಎರಡು ವಾರದಲ್ಲಿ ತಾನೇ ಕರಗಿತು. ಸೋಡಿಯಂ ನೈಟ್ರೇಟ್ ಹಾಕುವುದನ್ನು ಒಮ್ಮೆಲೇ ನಿಲ್ಲಿಸದೆ, ಇನ್ನೂ ಎರಡು ಮೀನು ಸೇರಿಸಿ ಆಹಾರ ಹೆಚ್ಚಿಸಿದ ಮೇಲೆ ವಾರಕ್ಕಿಷ್ಟು ಎಂದು ಇಳಿಸಲಾಯಿತು. ನೀರು ಬದಲಾವಣೆ ಮತ್ತೆ ಶುರುವಾದದ್ದು ಎರಡು ವಾರಕ್ಕೊಮ್ಮೆ 20 ಲೀಟರಿನಂತೆ, ನೈಟ್ರೇಟ್ 5ಕ್ಕಿಂತ ಮೇಲಿದ್ದರೆ ಮಾತ್ರ. ಯುವಿ ದೀಪ ಇನ್ನೂ ರಾತ್ರಿ ಹೊತ್ತು ಓಡುತ್ತಿದೆ. ಬಸವನಹುಳುಗಳನ್ನು ಮರಳಿ ತರುವುದು, ಸತತ ಮೂರು ಸ್ಲೈಡ್ ಖಾಲಿ ಬಂದ ಮೇಲೆ.